ಹತ್ತು ರೂಪಾಯಿಯ ನೀರು, ಮುನ್ನೂರು ರೂಪಾಯಿಯ ನೀರು

ಮುಂಬಯಿಯ ಹೌಸಿಂಗ್ ಸೊಸೈಟಿಗಳಲ್ಲಿ ನೀರಿನ ಬಿಲ್ಲನ್ನು ಹಂಚುವಾಗ ಯಾರ ಮನೆಯಲ್ಲಿ ಎಷ್ಟು ನೀರು ಖರ್ಚಾಯಿತು ಎಂದು ಯಾರೂ ನೋಡುವುದಿಲ್ಲ. ಮಹಾರಾಷ್ಟ್ರದ ಮಾದರಿ ಬೈಲಾ ಪ್ರಕಾರ, ಫ್ಲ್ಯಾಟಿನೊಳಗೆ ನೀರು ಬರುವ ನಳಗಳು ಎಷ್ಟು, ಅವುಗಳ ಗಾತ್ರ ಏನು ಎಂಬುದರ ಮೇಲೆ ಬಿಲ್ಲು. ಎರಡು ಬಾತ್‌ರೂಮಿನ ಫ್ಲ್ಯಾಟಿನಲ್ಲಿ ಇಬ್ಬರೇ ಇರುವ ವೃದ್ಧ ದಂಪತಿ ಹೆಚ್ಚು ಕಟ್ಟುತ್ತಾರೆ, ಒಂದೇ ಬಾತ್‌ರೂಮಿನಲ್ಲಿ ಏಳು ಜನ ಮೀಯುವ ಮನೆಯವರು ಕಡಿಮೆ ಕಟ್ಟುತ್ತಾರೆ. ನಾನು ಸೊಸೈಟಿಯ ಖಜಾಂಚಿಯಾಗಿದ್ದಾಗ ಮೀಟಿಂಗಿನಲ್ಲಿ ಆರನೇ ಮಾಳಿಗೆಯ ಕಾಕಾ ಎದ್ದು ನಿಂತು ಕೇಳಿದರು: “ನಾನು ನೀರು ಉಳಿಸಿದರೆ ನನ್ನ ಬಿಲ್ಲಿನಲ್ಲಿ ಎಷ್ಟು ಕಡಿಮೆಯಾಗುತ್ತದೆ, ಅದನ್ನು ಹೇಳಿ.” ಒಂದು ಪೈಸೆಯೂ ಆಗುವುದಿಲ್ಲ ಎಂಬುದೇ ಪ್ರಾಮಾಣಿಕ ಉತ್ತರವಾಗಿತ್ತು.

ನೀರು, ಕರೆಂಟು ಉಳಿಸಿ ಎಂದು ಬರೆಯುವವರು ಸಾಮಾನ್ಯವಾಗಿ ಈ ಪ್ರಶ್ನೆಯ ಪಕ್ಕದಿಂದ ಜಾರಿಕೊಂಡು ಪರಿಸರದ ಮಾತಿಗೆ ಹೋಗಿಬಿಡುತ್ತಾರೆ. ಇದು ಹಣದ ಅಂಕಣ. ಆದ್ದರಿಂದ ಕಾಕಾ ಕೇಳಿದ್ದನ್ನೇ ಹಿಡಿದು ರೂಪಾಯಿಯ ಲೆಕ್ಕ ಮಾಡೋಣ.

ಪಾಲಿಕೆಯ ನೀರು ಅಗ್ಗ, ನಂಬಲಾಗದಷ್ಟು ಅಗ್ಗ. ಭಾತ್ಸಾ, ತಾನ್ಸಾ, ಮೋಡಕ್ ಸಾಗರ್, ಮಧ್ಯ ವೈತರಣಾ, ಅಪ್ಪರ್ ವೈತರಣಾ, ವಿಹಾರ್, ತುಳಸಿ ಎಂಬ ಏಳು ಕೆರೆಗಳಿಂದ ಈ ಊರಿಗೆ ನೀರು ಬರುತ್ತದೆ. ವಿಹಾರ್, ತುಳಸಿ ಬಿಟ್ಟರೆ ಉಳಿದವೆಲ್ಲ ಊರಿನಾಚೆ ಬಲು ದೂರ. ಅಲ್ಲಿಂದ ತಂದು, ಭಾಂಡೂಪಿನಲ್ಲಿ ಶುದ್ಧ ಮಾಡಿ, ನಮ್ಮ ಕಟ್ಟಡದ ಕೆಳಗಿನ ಟಾಕಿಗೆ ಬಿಡುವ ಸಾವಿರ ಲೀಟರಿಗೆ ವಸತಿ ಸೊಸೈಟಿಗಳು ಕೊಡುವ ಮೂಲ ದರ ಹತ್ತು ರೂಪಾಯಿಯೊಳಗೆ. ತಲೆಗೆ ದಿನಕ್ಕೆ 150 ಲೀಟರ್ ದಾಟಿದರೆ ದರ ದುಪ್ಪಟ್ಟು, ಇನ್ನೂ ಮೇಲೆ ಹೋದರೆ ಮೂರು ಪಟ್ಟು, ನಾಲ್ಕು ಪಟ್ಟು. ನಾಲ್ಕು ಪಟ್ಟಾದರೂ ಸಾವಿರ ಲೀಟರಿಗೆ ನಲವತ್ತು ರೂಪಾಯಿ ಮುಟ್ಟುವುದಿಲ್ಲ. ಆ ನೀರನ್ನು ಏಳನೇ ಮಾಳಿಗೆಯ ಮೇಲಿನ ಟಾಕಿಗೆ ಏರಿಸಲು ಪಂಪು ತಿನ್ನುವ ಕರೆಂಟನ್ನೂ ಲೆಕ್ಕ ಹಾಕಿದ್ದೇನೆ. ಸಾವಿರ ಲೀಟರಿಗೆ ಎರಡು ರೂಪಾಯಿಯ ಆಸುಪಾಸು. ಇಷ್ಟು ಅಗ್ಗದ ವಸ್ತುವನ್ನು ಹಣಕ್ಕಾಗಿ ಉಳಿಸಿ ಎಂದರೆ ಯಾರು ಕೇಳುತ್ತಾರೆ?

ಆದರೆ ಮೇ ತಿಂಗಳು ಬರುತ್ತದೆ. 2024ರಲ್ಲಿ ಕೆರೆಗಳು ತಳ ಕಾಣತೊಡಗಿದಾಗ ಪಾಲಿಕೆ ಮೇ 30ರಿಂದ ಶೇಕಡ 5, ಜೂನ್ 5ರಿಂದ ಶೇಕಡ 10 ನೀರು ಕಡಿತ ಮಾಡಿತು. ಕಾಗದದ ಮೇಲೆ ಹತ್ತೇ ಶೇಕಡ. ಆದರೆ ನೀರು ದಿನಕ್ಕೆ ಇಷ್ಟೇ ಗಂಟೆ ಎಂದು ಬರುವ ಊರಿನಲ್ಲಿ ಒತ್ತಡ ತಗ್ಗಿದರೆ, ಪೈಪಿನ ಕೊನೆಯಲ್ಲಿರುವ ಕಟ್ಟಡದ ಟಾಕಿ ಅರ್ಧವೂ ತುಂಬುವುದಿಲ್ಲ. ಆಗ ಟ್ಯಾಂಕರ್ ಕರೆಯಬೇಕು. ನಾನು ಖಜಾಂಚಿಯಾಗಿ ಸಹಿ ಮಾಡಿದ ವೋಚರುಗಳಲ್ಲಿ ಹತ್ತು ಸಾವಿರ ಲೀಟರಿನ ಟ್ಯಾಂಕರಿಗೆ ಮೂರು ಸಾವಿರ ರೂಪಾಯಿ, ಅಂದರೆ ಸಾವಿರ ಲೀಟರಿಗೆ ಮುನ್ನೂರು. ಅದೇ ನಳ, ಅದೇ ಬಾಲ್ದಿ, ಬೆಲೆ ಮಾತ್ರ ಮೂವತ್ತು ಪಟ್ಟು. ದಿನಕ್ಕೊಂದು ಟ್ಯಾಂಕರ್ ಎಂದರೆ ತಿಂಗಳಿಗೆ ತೊಂಬತ್ತು ಸಾವಿರ. ಇಪ್ಪತ್ತೆಂಟು ಫ್ಲ್ಯಾಟುಗಳ ನಮ್ಮ ಕಟ್ಟಡದಲ್ಲಿ ಮನೆಗೆ ಮೂರು ಸಾವಿರದ ಇನ್ನೂರು ರೂಪಾಯಿಯ ಹೆಚ್ಚುವರಿ ಹೊರೆ. ಅದು ಮೇಂಟೆನೆನ್ಸ್ ಬಿಲ್ಲಿನಲ್ಲಿ ‘ಇತರ’ ಎಂಬ ಸಾಲಿನಡಿ ಬರುತ್ತದೆ, ಯಾರೂ ಕಣ್ಣು ಹಾಯಿಸದ ಸಾಲು ಅದು.

ದುಡ್ಡು ಕೊಟ್ಟರೆ ಟ್ಯಾಂಕರ್ ಬಂದೇ ಬರುತ್ತದೆ ಎಂದೂ ಇಲ್ಲ. 2025ರ ಏಪ್ರಿಲ್‌ನಲ್ಲಿ ಅಂತರ್ಜಲದ ನಿಯಮಗಳ ವಿಷಯದಲ್ಲಿ ಮುಂಬಯಿಯ ಟ್ಯಾಂಕರಿನವರು ಮುಷ್ಕರ ಹೂಡಿದರು. ಕೊನೆಗೆ ಪಾಲಿಕೆ ವಿಪತ್ತು ನಿರ್ವಹಣಾ ಕಾಯ್ದೆಯನ್ನೇ ಎತ್ತಿಕೊಳ್ಳಬೇಕಾಯಿತು. ಆ ನಾಲ್ಕೈದು ದಿನ ಎಷ್ಟೋ ಸೊಸೈಟಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೇರೆ ಮಾತೇ ಇರಲಿಲ್ಲ.

ಹಾಗಾಗಿ ಕಾಕಾಗೆ ನಾನು ಕೊಟ್ಟ ಉತ್ತರ ಇದು: ನೀವೊಬ್ಬರೇ ಉಳಿಸಿದರೆ ಏನೂ ಇಲ್ಲ, ಎಲ್ಲರೂ ಸೇರಿ ದಿನಕ್ಕೆ ಐದು ಸಾವಿರ ಲೀಟರ್ ಉಳಿಸಿದರೆ ಎರಡು ದಿನಕ್ಕೊಂದು ಟ್ಯಾಂಕರ್ ಸಾಕು, ತಿಂಗಳಿಗೆ ನಿಮ್ಮ ಮನೆಗೆ ಸಾವಿರದ ಆರುನೂರು ರೂಪಾಯಿ. ಕಾಕಾ ಕೂತರು. ಮರುದಿನ ಪ್ಲಂಬರನನ್ನು ಕರೆತಂದವರೂ ಅವರೇ.

ಪ್ಲಂಬರ್ ಒಡಿಶಾದ ಕೇಂದ್ರಾಪಾಡಾದವನು. ದೇಶದ ಪ್ಲಂಬಿಂಗ್ ಕೆಲಸದಲ್ಲಿ ಆ ಜಿಲ್ಲೆಯವರದೇ ದೊಡ್ಡ ಪಾಲು, ನಮ್ಮ ಹೋಟೆಲುಗಳಲ್ಲಿ ಉಡುಪಿಯವರಿದ್ದ ಹಾಗೆ. ಅವನು ನಳಗಳ ಕಡೆ ನೋಡಲೇ ಇಲ್ಲ, ನೇರ ಸಂಡಾಸಿನ ಫ್ಲಶ್ ಟ್ಯಾಂಕುಗಳನ್ನು ತೆರೆದ. ನಳ ಸೋರಿದರೆ ಟಪ್ ಟಪ್ ಎಂದು ಕೇಳುತ್ತದೆ, ಯಾರಾದರೂ ಬೈದಾರು. ಫ್ಲಶ್ಶಿನ ರಬ್ಬರು ಸವೆದು ಒಳಗೊಳಗೇ ಸೋರಿದರೆ ಸದ್ದೂ ಇಲ್ಲ, ಕಾಣುವುದೂ ಇಲ್ಲ. ಸಣ್ಣ ಸೋರಿಕೆಯೇ ದಿನಕ್ಕೆ ನೂರಿನ್ನೂರು ಲೀಟರ್ ಒಯ್ಯುತ್ತದೆ. ಇದನ್ನು ಹಿಡಿಯಲು ಪ್ಲಂಬರ್ ಕೂಡ ಬೇಡ. ಹೋಳಿ ಹಬ್ಬಕ್ಕೆ ತಂದು ಉಳಿದ ಬಣ್ಣ ಇದ್ದರೆ ಒಂದು ಚಿಟಿಕೆ ಫ್ಲಶ್ ಟ್ಯಾಂಕಿಗೆ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ. ಕೆಳಗಿನ ನೀರಿನಲ್ಲಿ ಬಣ್ಣ ಕಂಡರೆ ಸೋರುತ್ತಿದೆ ಎಂದರ್ಥ. (ಅರಿಸಿನ ಹಾಕಬೇಡಿ, ಕಲೆ ಹೋಗುವುದಿಲ್ಲ.) ನಮ್ಮಲ್ಲಿ ಮೂರರಲ್ಲೊಂದು ಮನೆಯ ಟ್ಯಾಂಕು ಸೋರುತ್ತಿತ್ತು. ರಬ್ಬರಿನ ಬೆಲೆ ಒಂದು ವಡಾಪಾವ್, ಒಂದು ಕಟಿಂಗ್ ಚಹಾಕ್ಕಿಂತ ಸ್ವಲ್ಪ ಹೆಚ್ಚು. ರಿಪೇರಿಯನ್ನು ಮನೆಯವರ ಮೇಲೆ ಬಿಡದೆ ಸೊಸೈಟಿಯ ಖರ್ಚಿನಲ್ಲೇ ಮಾಡಿಸಿದೆವು. ಯಾರ ಮನೆಯಲ್ಲಿ ಸೋರಿದರೂ ಟ್ಯಾಂಕರಿನ ದುಡ್ಡು ಎಲ್ಲರದು ಎಂದಾದ ಮೇಲೆ, ಐವತ್ತು ರೂಪಾಯಿಗೆ ಜಗಳವಾಡುವುದು ಮೂರ್ಖತನ.

ಉಳಿದದ್ದು ಟೆರೇಸಿನ ಮೇಲಿತ್ತು. ಮೇಲಿನ ಟಾಕಿಯ ಫ್ಲೋಟ್ ವಾಲ್ವ್ ಕೆಟ್ಟು, ಪಂಪು ಹಾಕಿದಾಗಲೆಲ್ಲ ಮಳೆನೀರಿನ ಪೈಪಿನಲ್ಲಿ ನೀರು ಹರಿಯುತ್ತಿತ್ತು. ವಾಚ್‌ಮನ್ ಪಾಪ, ಗೇಟು ಬಿಟ್ಟು ಏಳು ಮಾಳಿಗೆ ಹತ್ತಿ ನೋಡಲು ಆಗುತ್ತದೆಯೇ? ಟಾಕಿ ತುಂಬಿದ ಕೂಡಲೇ ಪಂಪು ತಾನೇ ನಿಲ್ಲುವ ಸಾಧನ ಕೂರಿಸಿದೆವು. ಒಂದೇ ಒಂದು ಟ್ಯಾಂಕರಿನ ಬೆಲೆಗಿಂತ ಸ್ವಲ್ಪ ಹೆಚ್ಚು ಬಿತ್ತು.

ಹಳೆಯ ಹತ್ತು ಲೀಟರಿನ ಫ್ಲಶ್ ಇರುವವರು ಒಂದು ಲೀಟರಿನ ಬಾಟಲಿಗೆ ನೀರು ತುಂಬಿ, ಮುಚ್ಚಳ ಬಿಗಿದು ಟ್ಯಾಂಕಿನೊಳಗೆ ನಿಲ್ಲಿಸಿದರೆ ಪ್ರತಿ ಸಲ ಒಂದು ಲೀಟರ್ ಉಳಿಯಿತು, ಪುಕ್ಕಟೆ. ಇಟ್ಟಿಗೆ ಇಡಬೇಡಿ, ಕರಗಿ ವಾಲ್ವಿಗೆ ಸಿಕ್ಕಿಕೊಳ್ಳುತ್ತದೆ. ಹೊಸದು ಹಾಕಿಸುವುದಾದರೆ ಮೂರು ಮತ್ತು ಆರು ಲೀಟರಿನ ಎರಡು ಗುಂಡಿಯದ್ದನ್ನೇ ಹಾಕಿಸಿ.

ಇನ್ನು ಆರ್‌ಓ ಯಂತ್ರ. ಇದರ ಮೇಲೆ ನನಗೆ ಬಹಳ ದಿನಗಳ ಸಿಟ್ಟಿದೆ. ಮುಂಬಯಿಯ ಕೆರೆನೀರು ಮಳೆನೀರೇ, ಅದರಲ್ಲಿ ಕರಗಿದ ಲವಣ ತೀರಾ ಕಡಿಮೆ. ಲವಣ ತೆಗೆಯುವುದಕ್ಕೆಂದೇ ಇರುವ ಆರ್‌ಓಗೆ ಇಲ್ಲಿ ಕೆಲಸವೇ ಇಲ್ಲ, ಒಂದು ಲೀಟರ್ ಕೊಟ್ಟು ಎರಡು ಮೂರು ಲೀಟರ್ ಮೋರಿಗೆ ಬಿಡುತ್ತದೆ. ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣವಿರುವ ಕಡೆ ಆರ್‌ಓ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ನೀರಿನದಕ್ಕಿಂತ ದೊಡ್ಡ ನಷ್ಟ ವರ್ಷವರ್ಷದ ಸರ್ವೀಸ್ ಒಪ್ಪಂದ, ಮೆಂಬ್ರೇನು, ಫಿಲ್ಟರು ಸೇರಿ ಕೈಬಿಟ್ಟು ಹೋಗುವ ನಾಲ್ಕೈದು ಸಾವಿರ ರೂಪಾಯಿ. ನಮ್ಮ ಮನೆಯಲ್ಲಿ ಅದನ್ನು ತೆಗೆದು, ಯುವಿ ಇರುವ ಸಾದಾ ಯಂತ್ರ ಇಟ್ಟು ವರ್ಷಗಳಾದವು. ಬೇಕಿದ್ದರೆ ಲವಣ ಅಳೆಯುವ ಪೆನ್ನಿನಂಥ ಮೀಟರು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ನೀವೇ ಅಳೆದು ನೋಡಿ. ಟ್ಯಾಂಕರಿನ ನೀರು ಹೆಚ್ಚಾಗಿ ಬಾವಿ, ಬೋರಿನದು, ಅದರ ಮಾತು ಬೇರೆ. ವರ್ಷವಿಡೀ ಅದನ್ನೇ ನಂಬಿರುವ ಕಟ್ಟಡಗಳಿಗೆ ಈ ಸಲಹೆ ಅನ್ವಯಿಸದು.

ಕರೆಂಟಿಗೆ ಬಂದರೆ ಲೆಕ್ಕ ತಿರುಗುತ್ತದೆ. ಇಲ್ಲಿ ಪ್ರತಿ ಫ್ಲ್ಯಾಟಿಗೂ ಮೀಟರು ಇದೆ, ಉಳಿಸಿದ್ದು ನಿಮ್ಮ ಜೇಬಿಗೇ. ಬಿಲ್ಲನ್ನು ಒಮ್ಮೆ ಪೂರ್ತಿ ಓದಿ. 100, 300, 500 ಯೂನಿಟ್ಟಿಗೆ ಸ್ಲ್ಯಾಬ್ ಬದಲಾಗುತ್ತದೆ. 301ನೇ ಯೂನಿಟ್ ಮುಟ್ಟಿದರೆ ಎಲ್ಲ ಯೂನಿಟ್ಟಿಗೂ ಹೆಚ್ಚಿನ ದರ ಎಂದು ಭಯಪಡುವವರು ನಮ್ಮಲ್ಲಿ ತುಂಬ. ಹಾಗಿಲ್ಲ, ಮೇಲಿನ ಯೂನಿಟ್ಟುಗಳಿಗೆ ಮಾತ್ರ ಮೇಲಿನ ದರ. ಅದರ ಮೇಲೆ ವ್ಹೀಲಿಂಗ್ ಶುಲ್ಕ, ಇಂಧನ ಹೊಂದಾಣಿಕೆ ಶುಲ್ಕ, ಶೇಕಡ 16 ವಿದ್ಯುತ್ ಸುಂಕ. ಎಲ್ಲ ಕೂಡಿಸಿ ನನ್ನ ಮನೆಯಲ್ಲಿ ಉಳಿಸಿದ ಒಂದು ಯೂನಿಟ್ಟಿನ ಬೆಲೆ ಸುಮಾರು ಹತ್ತು ರೂಪಾಯಿ.

ಈ ಹತ್ತು ರೂಪಾಯಿಯನ್ನು ಎಲ್ಲಿ ಹುಡುಕಬೇಕು? ಮೊಬೈಲ್ ಚಾರ್ಜರ್ ಕೀಳುವುದರಲ್ಲಿ ಅಲ್ಲ, ಅದರಲ್ಲಿ ವರ್ಷಕ್ಕೆ ಒಂದು ಚಹಾದ ದುಡ್ಡೂ ಉಳಿಯದು. ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ಲು ಅರ್ಧವಾಗುತ್ತದೆ ಎಂದು ಮಾರುವ ‘ಪವರ್ ಸೇವರ್’ ಡಬ್ಬಿ ಶುದ್ಧ ಮೋಸ. ಹುಡುಕಬೇಕಾದದ್ದು ತಲೆಯ ಮೇಲೆ. ಮುಂಬಯಿಯಲ್ಲಿ ಎಸಿ ಎರಡು ತಿಂಗಳು, ಫ್ಯಾನು ಹನ್ನೆರಡು ತಿಂಗಳು. ಈ ಸೆಕೆಯಲ್ಲಿ ಫ್ಯಾನು ನಿಲ್ಲಿಸುವುದು ಡಿಸೆಂಬರಿನ ಒಂದೆರಡು ರಾತ್ರಿ ಮಾತ್ರ. ಹಳೆಯ ಫ್ಯಾನು 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನು 30ರ ಸುತ್ತ. ದಿನಕ್ಕೆ 18 ಗಂಟೆ ತಿರುಗುವ ಒಂದು ಫ್ಯಾನಿನಲ್ಲಿ ತಿಂಗಳಿಗೆ 24 ಯೂನಿಟ್, ಅಂದರೆ 240 ರೂಪಾಯಿ ಉಳಿಯುತ್ತದೆ. ಮೂರು ಸಾವಿರ ಕೊಟ್ಟು ತಂದದ್ದು ಸುಮಾರು ಒಂದು ವರ್ಷದಲ್ಲಿ ತನ್ನ ಬೆಲೆ ತೀರಿಸುತ್ತದೆ. ಇಂಥ ಪ್ರತಿಫಲ ಕೊಡುವ ಎಫ್‌ಡಿ ಯಾವ ಬ್ಯಾಂಕಿನಲ್ಲೂ ಇಲ್ಲ. ಆದರೆ ಎಲ್ಲ ಕೋಣೆಗೂ ಒಟ್ಟಿಗೇ ಬೇಡ. ಹಾಲ್ ಮತ್ತು ಮಲಗುವ ಕೋಣೆಗೆ ಮೊದಲು, ದಿನಕ್ಕೆರಡು ಗಂಟೆ ತಿರುಗುವ ಅಡುಗೆಮನೆಯದು ಹಳೆಯದೇ ಇರಲಿ.

ಎಸಿಯನ್ನು 26ಕ್ಕೆ ಇಟ್ಟು ಜೊತೆಗೆ ಫ್ಯಾನು ಹಾಕಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6 ಕರೆಂಟು ಉಳಿಯುತ್ತದೆ. ಮನೆಯಲ್ಲಿ ಯಾರೂ ಟಿವಿ ನೋಡದಿದ್ದರೂ ಸೆಟ್‌ಟಾಪ್ ಬಾಕ್ಸ್ ಹತ್ತಾರು ವ್ಯಾಟ್ ತಿನ್ನುತ್ತಲೇ ಇರುತ್ತದೆ. ಗೋಡೆಯ ಸ್ವಿಚ್ಚು ಆರಿಸಿದರೆ ತಿಂಗಳಿಗೆ ಐವತ್ತು ಅರುವತ್ತು ರೂಪಾಯಿ.

ಮೀಯುವ ಬಿಸಿನೀರಿನಲ್ಲಿ ಜನ ಅಂದುಕೊಂಡಷ್ಟು ದುಡ್ಡಿಲ್ಲ. ನಮ್ಮ ನಳದ ನೀರೇ ವರ್ಷದ ಬಹುಭಾಗ 27 ಡಿಗ್ರಿಯ ಆಸುಪಾಸಿರುತ್ತದೆ. ಒಂದು ಬಾಲ್ದಿ ಬಿಸಿ ಮಾಡಲು ಮೂರನೇ ಒಂದು ಯೂನಿಟ್ ಸಾಕು. ಅದೇ ಶವರಿನ ಕೆಳಗೆ ಹತ್ತು ನಿಮಿಷ ನಿಂತರೆ ಐದು ಬಾಲ್ದಿ ನೀರು, ಐದು ಪಟ್ಟು ಕರೆಂಟು. ಪೈಪಿನ ಗ್ಯಾಸ್ ಇದೆ ಎಂದು ಗ್ಯಾಸ್ ಗೀಸರ್ ಹಾಕಿಸುವವರು ಒಂದು ಮಾತು ಕೇಳಬೇಕು. ಗಾಳಿಯಾಡದ ಬಾತ್‌ರೂಮಿನೊಳಗೆ ಅದು ಕಾರ್ಬನ್ ಮೊನಾಕ್ಸೈಡ್ ತುಂಬಿ ಪ್ರಾಣ ತೆಗೆಯುತ್ತದೆ. ಹೊರಗಿನ ಗೋಡೆಗೆ ಹಾಕಿಸಲು ಜಾಗವಿಲ್ಲದಿದ್ದರೆ ಆ ಉಳಿತಾಯವೇ ಬೇಡ.

ಉಪನಗರದವರಿಗೆ ಇನ್ನೊಂದು ಅವಕಾಶವಿದೆ, ಅದನ್ನು ಬಳಸಿಕೊಂಡವರು ಕಡಿಮೆ. 2008ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಬಾಂದ್ರಾದಿಂದ ದಹಿಸರ್‌ವರೆಗಿನ ಮನೆಗಳಿಗೆ ಇಂದಿನ ಅದಾನಿ, ಟಾಟಾ ಎಂಬ ಎರಡು ವಿದ್ಯುತ್ ಕಂಪನಿಗಳಲ್ಲಿ ಒಂದನ್ನು ಆರಿಸಿಕೊಳ್ಳುವ ದಾರಿ ತೆರೆಯಿತು. ಯಾರು ಅಗ್ಗ ಎಂಬುದಕ್ಕೆ ಒಂದೇ ಉತ್ತರವಿಲ್ಲ. ದರ ಬದಲಾಗುತ್ತಿರುತ್ತದೆ, ಕಡಿಮೆ ಬಳಸುವವರಿಗೆ ಒಬ್ಬರು, ಹೆಚ್ಚು ಬಳಸುವವರಿಗೆ ಇನ್ನೊಬ್ಬರು ಅನುಕೂಲವಾಗಬಹುದು. ನಿಮ್ಮ ಒಂದು ವರ್ಷದ ಯೂನಿಟ್ಟು ಎದುರಿಗಿಟ್ಟುಕೊಂಡು ಎರಡೂ ದರಪಟ್ಟಿಗೆ ಗುಣಿಸಿ ನೋಡಿ, ವ್ಹೀಲಿಂಗ್ ಶುಲ್ಕ ಮರೆಯದೆ.

ಮತ್ತೆ ಸೊಸೈಟಿಗೆ ಬರೋಣ, ಏಕೆಂದರೆ ದೊಡ್ಡ ಮೊತ್ತ ಇರುವುದು ಅಲ್ಲೇ. ಲಿಫ್ಟು, ಪಂಪು, ಮೆಟ್ಟಿಲಿನ ದೀಪಗಳ ಬಿಲ್ಲು ಯಾರ ಮನೆಯ ಬಾಗಿಲಿಗೂ ಬರುವುದಿಲ್ಲ. ಚೋಕಿನ ಹಳೆಯ ಟ್ಯೂಬುಗಳನ್ನು ಎಲ್‌ಇಡಿಗೆ ಬದಲಿಸಿದಾಗ ನಮಗೆ ತಿಂಗಳಿಗೆ ಸಾವಿರದ ಐನೂರರ ಮೇಲೆ ಉಳಿಯಿತು. ಅದಕ್ಕಿಂತ ದೊಡ್ಡದು ಟೆರೇಸಿನ ಸೌರಫಲಕ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಸೊಸೈಟಿಗಳ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನವಿದೆ. ಹತ್ತು ಕಿಲೋವ್ಯಾಟ್ ಹಾಕಿಸಿದರೆ ಬಿಸಿಲಿನ ತಿಂಗಳುಗಳಲ್ಲಿ ದಿನಕ್ಕೆ ಸುಮಾರು 40 ಯೂನಿಟ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಷ್ಟು ನಿರೀಕ್ಷಿಸಬೇಡಿ, ಮಾರಲು ಬಂದವನು ಮುಂಬಯಿಯ ಮಳೆಗಾಲದ ಮಾತೇ ಎತ್ತುವುದಿಲ್ಲ. ನಮ್ಮಲ್ಲಿ ಇದು ಇನ್ನೂ ಆಗಿಲ್ಲ. ಫಲಕದ ಕಾಲು ಊರಿದರೆ ಸ್ಲ್ಯಾಬು ಸೋರುತ್ತದೆ ಎಂದು ಏಳನೇ ಮಾಳಿಗೆಯವರು ಹೆದರಿದ್ದಾರೆ. ಆ ಹೆದರಿಕೆಯಲ್ಲಿ ಹುರುಳಿದೆ. ವಾಟರ್‌ಪ್ರೂಫಿಂಗ್ ಮೊದಲು ಮಾಡಿಸಿ, ಸೋರಿದರೆ ಹೊಣೆ ಯಾರದು ಎಂದು ಗುತ್ತಿಗೆಯಲ್ಲೇ ಬರೆಸಿಕೊಳ್ಳದೆ ಯಾರೂ ಇದಕ್ಕೆ ಕೈಹಾಕಬಾರದು.

ಸೊಸೈಟಿಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಅದಕ್ಕೆ ಹೋಗದೆ ವಾಟ್ಸ್ಆ್ಯಪ್‌ನಲ್ಲಿ ಗೊಣಗುವವರಲ್ಲಿ ನಮ್ಮ ಕನ್ನಡದವರೂ ಕಡಿಮೆಯಿಲ್ಲ. ಈ ಸಲ ಹೋಗಿ. ಹೋಗುವ ಮೊದಲೇ ಕಾರ್ಯದರ್ಶಿಗೆ ಎರಡು ಸಾಲು ಬರೆದುಕೊಡಿ: ಕಳೆದ ವರ್ಷ ಟ್ಯಾಂಕರಿಗೆ ಕೊಟ್ಟದ್ದೆಷ್ಟು, ಸಾಮಾನ್ಯ ಮೀಟರಿನ ಕರೆಂಟು ಬಿಲ್ಲು ಎಷ್ಟು, ತಿಂಗಳುವಾರು ಲೆಕ್ಕ ಸಭೆಯ ಮುಂದಿಡಿ ಎಂದು.