ಬಳ್ಳಾರಿ ಜಾಲಿಯ ಕಾಯಿ ಹಿಟ್ಟಾಗಬೇಕಾದರೆ

ಕುರಿಮಂದೆ ನಿಲ್ಲಿಸಿದ ಹೊಲದಲ್ಲಿ ಮೊದಲ ಮಳೆಗೇ ಜಾಲಿ ಸಸಿ ಏಳುತ್ತದೆ. ಬಯಲುಸೀಮೆಯ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಗೊಬ್ಬರದ ಜತೆ ಬೀಜವೂ ಪುಕ್ಕಟೆ ಬಂದಿರುತ್ತದೆ. ಬಳ್ಳಾರಿ ಜಾಲಿಯ ಹಣ್ಣುಗಾಯಿ ಸಿಹಿ, ಕುರಿ, ಮೇಕೆ, ದನ ಮೂರೂ ಆಸೆಯಿಂದ ತಿನ್ನುತ್ತವೆ. ಆದರೆ ಬೀಜದ ಗಟ್ಟಿ ಸಿಪ್ಪೆ ಹೊಟ್ಟೆಯಲ್ಲಿ ಕರಗುವುದಿಲ್ಲ. ಕುರಿ ಮೇಕೆಗಳು ಒಂದಷ್ಟು ಬೀಜವನ್ನು ಅಗಿದು ಹಾಳುಮಾಡುತ್ತವೆ. ದನದ ಸಗಣಿಯಲ್ಲಂತೂ ಮೊಳೆಯುವ ಬೀಜ ಧಾರಾಳ. ಅದೇ ಕಾಯಿಯನ್ನು ಮನುಷ್ಯರು ಆಯ್ದು ಅರೆದರೆ ಊಟಕ್ಕೊಂದು ಸಿಹಿ ಹಿಟ್ಟು ಸಿಗುತ್ತದೆ, ಹೊಲಕ್ಕೆ ಕಳೆಯೂ ಕಡಿಮೆಯಾಗುತ್ತದೆ.

ಈ ಮರ ನಮ್ಮದಲ್ಲ. ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದ ಉತ್ತರ ಭಾಗದವರೆಗಿನ ಒಣನಾಡು ಅದರ ತವರು. 1877ರಲ್ಲಿ ಜಮೈಕಾದಿಂದ ಬೀಜ ತರಿಸಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ನೆಟ್ಟರು. ಬರಡು ನೆಲಕ್ಕೆ ಹಸಿರು, ಒಲೆಗೆ ಸೌದೆ ಎಂಬುದು ಆಗಿನ ಲೆಕ್ಕ. ಸೌದೆ ಸಿಕ್ಕಿತು ನಿಜ, ಅದರ ಜತೆಗೆ ಕೆರೆಯಂಗಳ, ಹಳ್ಳದ ದಂಡೆ, ಗೋಮಾಳಗಳೂ ಅದರ ಪಾಲಾದವು. ತೆಲುಗಿನವರು ಇದನ್ನು ಸರ್ಕಾರು ತುಮ್ಮ ಎಂದು ಕರೆಯುತ್ತಾರೆ. ತಂದವರು ಯಾರೆಂಬುದು ಆ ಹೆಸರಿನಲ್ಲೇ ಉಳಿದಿದೆ.

ನಾವು ಮರವನ್ನು ತಂದೆವು, ಅದನ್ನು ಉಣ್ಣುವ ಬಗೆಯನ್ನು ತರಲಿಲ್ಲ. ಅಮೆರಿಕದ ಅರಿಜೋನಾ ಮತ್ತು ಮೆಕ್ಸಿಕೋದ ಸೊನೋರಾ ಮರುಭೂಮಿಯಲ್ಲಿ ತೊಹೋನೊ ಓಧಮ್, ಸೆರಿ ಮೊದಲಾದ ಮೂಲನಿವಾಸಿಗಳು ಇದೇ ಕುಲದ ಮೆಸ್ಕೀಟ್ ಮರಗಳ ಕಾಯಿಯನ್ನು ಒರಳಲ್ಲಿ ಕುಟ್ಟಿ ಹಿಟ್ಟು ಮಾಡಿ ಬದುಕಿದವರು. ಅರ್ಜೆಂಟೀನಾದಲ್ಲಿ ಆ ಹಿಟ್ಟನ್ನು ಒತ್ತಿ ಸುಟ್ಟು ‘ಪತಾಯ್’ ಎಂಬ ಗಟ್ಟಿ ಬಿಲ್ಲೆ ಮಾಡುತ್ತಾರೆ. ಪೆರುವಿನಲ್ಲಿ ಕಾಯಿ ಬೇಯಿಸಿ, ರಸ ಹಿಂಡಿ, ನಮ್ಮ ಜೋನಿಬೆಲ್ಲದಂಥ ಕಪ್ಪು ಪಾಕ ಇಳಿಸುತ್ತಾರೆ. ಅದರ ಹೆಸರು ಅಲ್ಗರೋಬಿನಾ. ಆದರೆ ಇವೆಲ್ಲ ಒಂದೇ ಕುಲದ ಬೇರೆ ಬೇರೆ ಜಾತಿಗಳು. ನಮ್ಮ ಬಳ್ಳಾರಿ ಜಾಲಿ ಜೂಲಿಫ್ಲೋರಾ ಎಂಬ ಜಾತಿ. ಅವರು ತಟ್ಟೆ ತುಂಬ ಉಂಡರೆಂದು ನಾವೂ ಹಾಗೆ ಉಣ್ಣಬೇಕಿಲ್ಲ.

ಮೊದಲು ಮರದ ಗುರುತು ತಪ್ಪಬಾರದು. ಕರಿಜಾಲಿಯ ಹೂ ಹಳದಿ ಗುಂಡು, ಅದರ ಕಾಯಿ ಮಣಿ ಪೋಣಿಸಿದ ಸರದಂತೆ ಬೀಜ ಬೀಜಕ್ಕೂ ಇಳಿದಿರುತ್ತದೆ, ಬಾಯಿಗಿಟ್ಟರೆ ಒಗರು. ಅದು ಚರ್ಮ ಹದಮಾಡಲು ಸರಿ, ರೊಟ್ಟಿಗಲ್ಲ. ಬಳ್ಳಾರಿ ಜಾಲಿಯ ಹೂ ಬೆರಳುದ್ದದ ತೆನೆ. ಮಾಗಿದ ಕಾಯಿ ಒಣಹುಲ್ಲಿನ ಬಣ್ಣದ್ದು, ಸ್ವಲ್ಪ ಬಾಗಿರುತ್ತದೆ, ತಾನಾಗಿ ಬಿರಿಯುವುದಿಲ್ಲ.

ಇನ್ನು ರುಚಿ. ಒಂದೇ ಬೇಲಿಯ ಎರಡು ಮರಗಳಲ್ಲಿ ಒಂದು ಸಕ್ಕರೆ, ಇನ್ನೊಂದು ಕಹಿ ಆಗಿರಬಹುದು. ಪ್ರತಿ ಮರದಿಂದಲೂ ಒಂದು ಮಾಗಿದ ಕಾಯಿ ಮುರಿದು ಅಗಿದು ನೋಡಿ, ಬೀಜ ಉಗಿಯಿರಿ. ಗಂಟಲು ಕೆರೆದರೆ, ಬಾಯಿ ಒಣಗಿದಂತಾದರೆ, ನಾಲಗೆಯ ಮೇಲೆ ಕಹಿ ನಿಂತರೆ ಆ ಮರ ಸೌದೆಗಿರಲಿ. ಸಿಹಿ ಮರದ ಬುಡಕ್ಕೆ ಸುಣ್ಣದ ಗೆರೆ ಎಳೆದಿಟ್ಟರೆ ಮುಂದಿನ ವರ್ಷ ಹುಡುಕುವ ಕೆಲಸ ತಪ್ಪುತ್ತದೆ. ಡಾಂಬರು ರಸ್ತೆಯ ಅಂಚು, ಚರಂಡಿ, ಔಷಧಿ ಹೊಡೆಯುವ ಹೊಲದ ಬದು, ಇಲ್ಲಿನ ಮರಗಳನ್ನು ಎಷ್ಟೇ ಸಿಹಿಯಿದ್ದರೂ ಬಿಟ್ಟುಬಿಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಮಳೆಯ ಮಾತು. ಅರಿಜೋನಾದ ಟುಸಾನ್ ನಗರದಲ್ಲಿ ಡೆಸರ್ಟ್ ಹಾರ್ವೆಸ್ಟರ್ಸ್ ಎಂಬ ಸಂಘಟನೆ ಬಡಿಗೆ ಗಿರಣಿಯನ್ನು ಗಾಡಿಯ ಮೇಲೆ ಕಟ್ಟಿಕೊಂಡು ಜನರ ಕಾಯಿಯನ್ನು ಹಿಟ್ಟು ಮಾಡಿಕೊಡುತ್ತದೆ. ಅವರು ಮೊದಲೆಲ್ಲ ಮಳೆಗಾಲ ಮುಗಿದ ಮೇಲೆ ಅರೆಯುತ್ತಿದ್ದರು. ನೆನೆದ ಕಾಯಿಗೆ ಅಫ್ಲಾಟಾಕ್ಸಿನ್ ವಿಷದ ಬೂಷ್ಟು ತಗಲುವ ಅಪಾಯ ತಿಳಿದ ಮೇಲೆ, ಮಳೆಗೆ ಮೊದಲೇ ಕೊಯ್ದು ಅರೆಯಿರಿ ಎಂದು ಹೇಳತೊಡಗಿದರು. ಶೇಂಗಾ ಬೆಳೆಯುವವರಿಗೆ ಈ ಬೂಷ್ಟು ಹೊಸತಲ್ಲ. ಹುರಿದರೂ ಬೇಯಿಸಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ನಮ್ಮಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಕಾಯಿ ಮಾಗುತ್ತದೆ. ಭರಣಿ, ಕೃತ್ತಿಕೆ ಮಳೆಗಳು ನಡುವೆ ಅಡ್ಡ ಬರುವುದುಂಟು. ಬಿಸಿಲು ಬಿದ್ದ ದಿನ ನೋಡಿಕೊಂಡು ರೋಹಿಣಿಯೊಳಗೆ ಕೆಲಸ ಮುಗಿಸಿ. ಮರದಲ್ಲಿರುವ ಕಾಯಿಯನ್ನೇ ಕೀಳಿ: ಕೈ ತಾಗಿದರೆ ಕಳಚಿ ಬರುವಂತಿದ್ದರೆ ಅದು ಮಾಗಿದೆ. ನೆಲಕ್ಕೆ ಬಿದ್ದದ್ದು, ಕಪ್ಪು ಕಲೆಯಿದ್ದದ್ದು ಬೇಡ. ಕೆಳಗೆ ಟಾರ್ಪಾಲು ಹಾಸಿ ಕೊಕ್ಕೆ ಕೋಲಿನಿಂದ ಅಲುಗಿಸಿದರೆ ಮುಳ್ಳಿನ ಕಾಟ ಅರ್ಧ ತಪ್ಪುತ್ತದೆ. ಉಳಿದರ್ಧ ತಪ್ಪುವುದಿಲ್ಲ, ದಪ್ಪ ಅಟ್ಟೆಯ ಮೆಟ್ಟು ಬೇಕೇ ಬೇಕು.

ತಂದ ಕಾಯಿಯನ್ನು ನೀರಲ್ಲಿ ಒಮ್ಮೆ ಜಾಲಾಡಿ ತಕ್ಷಣ ತೆಳ್ಳಗೆ ಹರವಿ. ಬಿಸಿಲು ಚೆನ್ನಾಗಿದ್ದರೆ ಮೂರು ನಾಲ್ಕು ದಿನ, ಸಂಜೆ ಒಳಗಿಡಿ. ಮುರಿದರೆ ‘ಲಟಕ್’ ಎನ್ನಬೇಕು. ಬಾಗಿದರೆ ಇನ್ನೂ ಹಸಿ ಇದೆ ಎಂದರ್ಥ. ಕಾಯಿಯೊಳಗೆ ಸಣ್ಣ ಹುಳು ಇರುವುದು ಸಾಮಾನ್ಯ, ಒಂದೆರಡು ತೂತು ಕಂಡರೆ ಎಸೆಯಬೇಕಿಲ್ಲ, ಆದರೆ ಡಬ್ಬದಲ್ಲಿಟ್ಟರೆ ಸಂಸಾರ ಬೆಳೆಸುತ್ತದೆ. ಅದಕ್ಕೇ ಒಣಗಿದೊಡನೆ ಅರೆಯುವುದು ಲೇಸು.

ಅರೆಯುವಾಗಲೇ ಹೆಚ್ಚು ಜನ ಸೋಲುವುದು. ಕಾಯಿಯ ತಿರುಳಲ್ಲಿ ಸಕ್ಕರೆ ಇದೆ, ಬೀಜದಲ್ಲಿ ಅಂಟು ಇದೆ. ಕಲ್ಲಿನ ಗಿರಣಿ ಬಿಸಿಯಾದರೆ ಎರಡೂ ಸೇರಿ ಮೇಣವಾಗಿ ಕಲ್ಲಿಗೆ ಹತ್ತುತ್ತವೆ, ಗಿರಣಿಯವರು ಮುಂದಿನ ಸಲ ನಿಮ್ಮನ್ನು ಒಳಗೆ ಬಿಡುವುದಿಲ್ಲ. ಪಲ್ವರೈಸರ್ ಯಂತ್ರ ಸರಿಹೋಗುತ್ತದೆ. ಮೋಡವಿಲ್ಲದ ದಿನ, ತುಂಡು ಮಾಡಿದ ಕಾಯಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿಸಿ. ಹಿಂದಿನವರು ಖಾರ ಹಾಕಿಸಿದ್ದರೆ ಒಂದೆರಡು ಕಿಲೋ ಜೋಳ ಬಿಡಿಸಿದ ಮೇಲೆ ನಿಮ್ಮದು ಬರಲಿ. ಮನೆಯ ಮಿಕ್ಸಿಯಲ್ಲಾದರೆ ಹಿಡಿ ಹಿಡಿಯಾಗಿ ತಿರುಗಿಸಿ, ನಿಲ್ಲಿಸಿ, ಜರಡಿ ಹಿಡಿಯಿರಿ. ಟುಸಾನ್‌ನವರ ಲೆಕ್ಕದಲ್ಲಿ ಐದು ಅಳತೆ ಕಾಯಿಗೆ ಒಂದು ಅಳತೆ ಹಿಟ್ಟು. ಜರಡಿಯಲ್ಲಿ ಉಳಿದ ಬೀಜವನ್ನು ತಿಪ್ಪೆಗೆ ಎಸೆಯಬೇಡಿ. ಸಿಪ್ಪೆ ಗೀರಿದ ಬೀಜ ಇನ್ನೂ ಬೇಗ ಮೊಳೆಯುತ್ತದೆ, ಒಲೆಗೆ ಹಾಕಿ.

ಹಿಟ್ಟು ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ, ಬಿಗಿ ಮುಚ್ಚಳದ ಡಬ್ಬ ಬೇಕು. ಇದರಲ್ಲಿ ಗೋಧಿಯ ಜಿಗಿ ಇಲ್ಲ, ಒಂದರಿಂದಲೇ ರೊಟ್ಟಿ ಏಳದು. ನಾಲ್ಕೈದು ಪಾಲು ಜೋಳ ಅಥವಾ ಗೋಧಿ ಹಿಟ್ಟಿಗೆ ಒಂದು ಪಾಲು ಸಾಕು. ಸಕ್ಕರೆ ಬೇಗ ಹತ್ತುವುದರಿಂದ ಹಂಚು ಸಣ್ಣ ಉರಿಯಲ್ಲಿರಲಿ. ನನ್ನ ಮಟ್ಟಿಗೆ ಇದು ರೊಟ್ಟಿಗಿಂತ ಸಜ್ಜೆ ಮಾದಲಿಗೆ, ಶೇಂಗಾ ಉಂಡಿಗೆ ಹೆಚ್ಚು ಒಪ್ಪುತ್ತದೆ, ಬೆಲ್ಲವೂ ಉಳಿಯುತ್ತದೆ. ನಾರು ಬಹಳ, ಮೊದಲ ದಿನ ಒಂದು ಚಮಚದಿಂದ ಶುರುಮಾಡಿ, ಹೊಟ್ಟೆ ಉಬ್ಬರಿಸಿದರೆ ನಿಲ್ಲಿಸಿ. ಶೇಂಗಾ, ಕಾಳುಗಳು ಮೈಗೆ ಆಗದವರು ಮುಟ್ಟದಿರುವುದು ಕ್ಷೇಮ. ಸಕ್ಕರೆ ಕಾಯಿಲೆಯವರಿಗೆ ಇದು ಔಷಧ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ದನಕ್ಕೂ ಮಿತಿ ಇದೆ. ಜೂಲಿಫ್ಲೋರಾದಲ್ಲಿ ನರಕ್ಕೆ ತಗಲುವ ಆಲ್ಕಲಾಯ್ಡ್‌ಗಳಿವೆ. ಈಶಾನ್ಯ ಬ್ರೆಜಿಲ್‌ನಲ್ಲಿ ತಿಂಗಳುಗಟ್ಟಲೆ ಹೆಚ್ಚಾಗಿ ಇದೇ ಕಾಯಿ ತಿಂದ ದನಗಳ ದವಡೆ ಸೋತು ಮುಖ ವಾಲಿದ್ದನ್ನು ಅಲ್ಲಿಯವರು ‘ಸೊಟ್ಟ ಮುಖ’ ಎಂದೇ ಕರೆದರು. ಹಿಂಡಿ, ನುಚ್ಚಿನ ಜತೆ ಐದರಲ್ಲಿ ಒಂದು ಪಾಲು ಮೀರದಂತೆ, ಬೀಜ ಸಮೇತ ನುಣ್ಣಗೆ ಅರೆದು ಕೊಡಿ. ಕಚ್ಛ್‌ನಲ್ಲಿ ಕಾಯಿ ಆಯ್ದು ಪಶು ಆಹಾರಕ್ಕೆ ಬಳಸುವ ರೂಢಿ ಇದೆ. ಸ್ತ್ರೀಶಕ್ತಿ ಗುಂಪಿಗೆ ಮೊದಲ ವ್ಯಾಪಾರ ಅದೇ ಆಗಲಿ. ಮನುಷ್ಯರ ಹಿಟ್ಟು ಮಾರಲು ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ನಮ್ಮ ದೇಶದಲ್ಲಿ ಉಂಡ ರೂಢಿಯಿಲ್ಲದ ಪದಾರ್ಥಕ್ಕೆ ಪ್ರತ್ಯೇಕ ಅನುಮತಿಯ ನಿಯಮವೂ ಇದೆ, ಚೀಲ ಹೊಲಿಸುವ ಮೊದಲು ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಯನ್ನು ಕೇಳಿ.

ಹಿಟ್ಟಿನ ಆಸೆಗೆ ಹೊಸದಾಗಿ ಜಾಲಿ ಹಚ್ಚುವ ಯೋಚನೆ ಮಾತ್ರ ಬೇಡ. ನೆಡಲೇಬೇಕೆಂದರೆ ಅದರ ನೆಂಟ, ನಮ್ಮ ಬನ್ನಿ ಮರವಿದೆ. ದಸರೆಗೆ ನಾವು ಅದರ ಎಲೆಯನ್ನಷ್ಟೇ ಬಂಗಾರವೆಂದು ಹಂಚುತ್ತೇವೆ. ರಾಜಸ್ಥಾನದವರು ಅದರ ಎಳೆಗಾಯಿಯನ್ನು ಬೇಯಿಸಿ ಒಣಗಿಸಿ ‘ಸಾಂಗ್ರಿ’ ಎಂದು ಮಾರುತ್ತಾರೆ, ಮದುವೆ ಊಟಕ್ಕೂ ಬಡಿಸುತ್ತಾರೆ. ಬೀಕಾನೇರಿನ ಕೇಂದ್ರೀಯ ಶುಷ್ಕ ತೋಟಗಾರಿಕಾ ಸಂಸ್ಥೆ ಅದರಲ್ಲಿ ‘ಥಾರ್ ಶೋಭಾ’ ಎಂಬ ಕಸಿ ತಳಿಯನ್ನೂ ಕೊಟ್ಟಿದೆ.