ಶಾಲಾಪೂರ್ವ ಮಗುವಿನ ಬೆಳವಣಿಗೆ: ಪರೀಕ್ಷೆಗಿಂತ ವೀಕ್ಷಣೆ ಏಕೆ?

3ರಿಂದ 6 ವರ್ಷದ ಮಗುವಿನ ದೈಹಿಕ, ಬೌದ್ಧಿಕ, ಸಾಮಾಜಿಕ ಬೆಳವಣಿಗೆಯನ್ನು ಒಂದೇ ದಿನದ ಪರೀಕ್ಷೆಯಿಂದ ಅಳೆಯಲಾಗದು. ಆಟದ ನಡುವೆ ಮತ್ತೆ ಮತ್ತೆ ಗಮನಿಸಬೇಕು. ಮನೋವಿಜ್ಞಾನಿ ಪಿಯಾಜೆ ಪ್ರಕಾರ 2ರಿಂದ 7 ವರ್ಷ ಪೂರ್ವ-ಕಾರ್ಯಾತ್ಮಕ ಹಂತ, ಅಂದರೆ ತರ್ಕಬದ್ಧ ಚಿಂತನೆ ಇನ್ನೂ ಬೆಳೆಯದ ಹಂತ. ಸಮಾನ ಸಂಖ್ಯೆಯ ಎರಡು ಸಾಲು ಬಿಲ್ಲೆಗಳಲ್ಲಿ ಒಂದನ್ನು ಅಗಲವಾಗಿ ಹರಡಿದರೆ, ಈ ವಯಸ್ಸಿನ ಮಗು ಅದರಲ್ಲೇ ಹೆಚ್ಚಿವೆ ಎನ್ನುತ್ತದೆ. ಆದರೆ 1970ರ ದಶಕದಲ್ಲಿ ಸಂಶೋಧಕರಾದ ಮ್ಯಾಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಅದೇ ಸಾಲನ್ನು ‘ತುಂಟ ಕರಡಿ’ ಗೊಂಬೆಯಿಂದ ಕೆಡಿಸಿದಾಗ ಹೆಚ್ಚು ಮಕ್ಕಳು ಸರಿಯುತ್ತರ ಕೊಟ್ಟರು. ದೊಡ್ಡವರು ಬೇಕೆಂದೇ ಸಾಲು ಬದಲಿಸಿ ಹಳೆಯ ಪ್ರಶ್ನೆಯನ್ನೇ ಕೇಳಿದರೆ, ಉತ್ತರವನ್ನೂ ಬದಲಿಸಬೇಕೆಂದು ಮಗು ಭಾವಿಸಬಹುದು. ಬುದ್ಧಿ ಅಳೆಯಲು ಹೊರಟವರು ವಿಧೇಯತೆಯನ್ನು ಅಳೆದಿರುವ ಸಾಧ್ಯತೆಯುಂಟು! ಇದಕ್ಕೆ ಪ್ರತಿಯಾಗಿ, ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ವಿವರಿಸಿದ ಒಂಟಿ, ಸಮಾಂತರ, ಸಹಕಾರಿ ಆಟ ಮುಂತಾದ ಬಗೆಗಳು ಮಕ್ಕಳ ಆಟವನ್ನು ನೋಡುತ್ತಲೇ ದೊರೆತವು.

ವೀಕ್ಷಣೆ ನೋಡುವವರ ಒಲವಿಗೆ ಬಾಗುತ್ತದೆ ಎಂಬ ಆಕ್ಷೇಪ ನಿಜ. ಪರಿಹಾರ ಬರೆಯುವ ಕ್ರಮದಲ್ಲಿದೆ: ‘ಹಠಮಾರಿ’ ಎಂಬುದು ತೀರ್ಪು, ‘ಕೇಳಿದಾಗ ಚೆಂಡು ಕೊಡಲಿಲ್ಲ’ ಎಂಬುದು ದಾಖಲೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ಐಸಿಡಿಎಸ್‌ನ ಅಂಗನವಾಡಿಗಳಲ್ಲಿ ಇದಕ್ಕೆಲ್ಲ ಪುರುಸೊತ್ತಿಲ್ಲ ಎನ್ನುವುದೂ ಸುಳ್ಳಲ್ಲ; ಆದರೂ ತೂಕ, ಎತ್ತರ ಹೇಗೂ ದಾಖಲಿಸುವ ಕಾರ್ಯಕರ್ತೆಗೆ ದಿನಕ್ಕೆ ಇಬ್ಬರು ಮಕ್ಕಳ ಬಗ್ಗೆ ಎರಡೆರಡು ಸಾಲು ಬರೆಯುವುದು ಅಸಾಧ್ಯವೇನಲ್ಲ.