ಅಂಕಿ ಯಾವ ಊರಿನದು?



ಈಚಿನ ವರ್ಷಗಳಲ್ಲಿ ನಮ್ಮ ಸಂಘದ ಕಛೇರಿಗೆ ಬರುವ ಅಂಚೆಯಲ್ಲಿ ಸುತ್ತೋಲೆಗಳಿಗಿಂತ ಅಂಕಿ ಅಂಶಗಳ ಹೊರೆಯೇ ಹೆಚ್ಚಾಗಿದೆ. ಜಿಲ್ಲೆಯ ಸಾಲ ಯೋಜನೆ, ಕೈಗಾರಿಕಾ ಇಲಾಖೆಯ ಬಣ್ಣದ ಪುಸ್ತಿಕೆ, ಸಲಹಾ ಸಂಸ್ಥೆಗಳ ವರದಿ, ಕಾಫಿ ಮಂಡಳಿಯ ಬೆಳೆ ಅಂದಾಜು ಇವುಗಳಲ್ಲೆಲ್ಲ ನಮ್ಮ ಜಿಲ್ಲೆ, ನಮ್ಮ ತಾಲ್ಲೂಕು, ನಮ್ಮ ಬೆಳೆ ಎಂದು ಸಂಖ್ಯೆಗಳು ಸಾಲುಗಟ್ಟಿ ನಿಂತಿರುತ್ತವೆ. ಓದಿದ ಹಲವರು 'ಇದು ನಮ್ಮ ಊರಿನ ಮಾತೇ ಅಲ್ಲ' ಎಂದು ಮಡಿಸಿಡುತ್ತಾರೆ. ಮಡಿಸಿಟ್ಟರೆ ನಷ್ಟ ನಮಗೇ. ಏಕೆಂದರೆ ಆ ಸಂಖ್ಯೆಗಳ ಮೇಲೆಯೇ ಸಾಲದ ಮಿತಿ, ವಿಮೆಯ ಪರಿಹಾರ, ರಸ್ತೆಯ ಅನುದಾನ ನಿಂತಿವೆ. ಆದುದರಿಂದ ಅಭಿವೃದ್ಧಿಯ ಕೆಲಸವನ್ನೇ ವೃತ್ತಿ ಮಾಡಿಕೊಂಡವರು ಸ್ಥಳೀಯ ಅಂಕಿಗಳನ್ನು ತಮ್ಮ ಬರಹದಲ್ಲಿ ಹೇಗೆ ಬಳಸುತ್ತಾರೆ, ಅದನ್ನು ನಾವು ಹೇಗೆ ಓದಬೇಕು ಎಂಬುದನ್ನು ಈ ಸಂಚಿಕೆಯಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ನಮ್ಮ ತೋಟ ಬಿಟ್ಟು ಬೆಂಗಳೂರಿನ ಪಶ್ಚಿಮದ ಒಂದು ಊರಿಗೆ ಹೋಗೋಣ. ಬೇರೆಯವರ ಗಡಿಯಲ್ಲಿ ಲೆಕ್ಕದ ಡೊಂಕು ಬೇಗ ಕಣ್ಣಿಗೆ ಬೀಳುತ್ತದೆ. ಊರು ಹೆಗ್ಗನಹಳ್ಳಿ. ನಮ್ಮ ಸದಸ್ಯರ ಪೈಕಿ ಕೆಲವರ ಮಕ್ಕಳು ಪೀಣ್ಯದ ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದು ಹೆಗ್ಗನಹಳ್ಳಿ, ಸುಂಕದಕಟ್ಟೆ, ಲಗ್ಗೆರೆಯ ಕಡೆ ಬಾಡಿಗೆ ಮನೆ ಮಾಡಿಕೊಂಡಿರುವುದರಿಂದ ಹೆಸರು ಹೊಸದಲ್ಲ. ಬೆಂಗಳೂರು ಉತ್ತರ ತಾಲ್ಲೂಕಿನ ಹಳ್ಳಿಯಾಗಿದ್ದ ಊರು ಅದು. 1970ರ ದಶಕದಲ್ಲಿ ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ಹೊಲಗಳು ನಿವೇಶನಗಳಾದವು, ನಿವೇಶನಗಳ ಮೇಲೆ ಸಣ್ಣ ಸಣ್ಣ ಬಾಡಿಗೆ ಮನೆಗಳೂ ಯಂತ್ರದ ಶೆಡ್ಡುಗಳೂ ಎದ್ದವು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಮುಂದೆ ಪಾಲಿಕೆಯ 198 ವಾರ್ಡುಗಳಲ್ಲಿ ಹೆಗ್ಗನಹಳ್ಳಿ 71ನೆಯದಾಯಿತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯ ಜಾಗದಲ್ಲಿ ಐದು ನಗರಪಾಲಿಕೆಗಳು ಬಂದವು.

ಈಗ ಈ ಊರಿನ ಬಗ್ಗೆ ಒಬ್ಬ ಅಭಿವೃದ್ಧಿ ಅಧಿಕಾರಿ ಒಂದು ಪುಟ ಬರೆಯಬೇಕೆನ್ನಿ. ಬಂಡವಾಳ ತರುವವರಿಗೆ ಬರೆಯುವಾಗ 'ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದಾದ ಪೀಣ್ಯದ ನೆರೆಯಲ್ಲಿದೆ' ಎನ್ನುತ್ತಾನೆ. ಪೀಣ್ಯದ ಬಗ್ಗೆ ಈ ಮಾತು ಎಷ್ಟೋ ಕಡೆ ಅಚ್ಚಾಗಿದೆ. ವಿಸ್ತೀರ್ಣದಲ್ಲಿ ದೊಡ್ಡದೋ, ಘಟಕಗಳ ಸಂಖ್ಯೆಯಲ್ಲೋ, ಕೆಲಸಗಾರರ ಸಂಖ್ಯೆಯಲ್ಲೋ ಎಂದು ಹೇಳುವವರು ಕಡಿಮೆ. ಅದೇ ಅಧಿಕಾರಿ ಅನುದಾನ ಕೇಳುವಾಗ ಕುಡಿಯುವ ನೀರು, ಒಳಚರಂಡಿ, ಕಿಕ್ಕಿರಿದ ಮನೆಗಳ ಲೆಕ್ಕ ಮುಂದಿಡುತ್ತಾನೆ. ಎರಡೂ ಸುಳ್ಳಲ್ಲ. ಒಂದೇ ಊರಿನಿಂದ ಎರಡು ಉದ್ದೇಶಕ್ಕೆ ಎರಡು ಬಗೆಯ ಅಂಕಿ ಆಯ್ದದ್ದು, ಅಷ್ಟೆ. ಓದುವವರು ಮೊದಲು ಕೇಳಬೇಕಾದದ್ದು, ಈ ಕಾಗದ ಯಾರಿಗೆ ಬರೆದದ್ದು, ಏನನ್ನು ಬೇಡುವುದಕ್ಕೆ ಬರೆದದ್ದು ಎಂದು.

ಎರಡನೆಯ ಪ್ರಶ್ನೆ ಗಡಿಯದು. ಇದಕ್ಕೆ ನಮ್ಮ ರಾಜ್ಯದ ದೊಡ್ಡ ನಿದರ್ಶನ ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಪ್ರಾದೇಶಿಕ ಅಸಮತೋಲನ ನಿವಾರಣಾ ಸಮಿತಿಯ ವರದಿ. 2000ದಲ್ಲಿ ನೇಮಕವಾದ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅದಕ್ಕೆ ಮುಂಚೆ ಹಿಂದುಳಿದಿರುವಿಕೆಯ ಮಾತು ಬಹುಮಟ್ಟಿಗೆ ಜಿಲ್ಲೆಗಳ, ಪ್ರಾಂತಗಳ ಮಟ್ಟದಲ್ಲೇ ನಡೆಯುತ್ತಿತ್ತು. ಈ ಸಮಿತಿ ಆಗಿನ 175 ತಾಲ್ಲೂಕುಗಳನ್ನು ಒಂದೊಂದಾಗಿ ತೂಗಿತು. ಕೃಷಿ, ಕೈಗಾರಿಕೆ, ರಸ್ತೆ, ಆರೋಗ್ಯ, ಶಿಕ್ಷಣ, ಹಣಕಾಸು ಮೊದಲಾದವುಗಳಿಂದ 35 ಸೂಚಿಗಳನ್ನು ಆರಿಸಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗಿನವನ್ನು ಹಿಂದುಳಿದವೆಂದು ಗುರುತಿಸಿತು. ಅಂಥವು 114. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನು ಸಮಿತಿ ಸೂಚಿಸಿತು. ಸ್ಥಳೀಯ ಅಂಕಿಗೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಉತ್ತರ ಕರ್ನಾಟಕದವರು ದಶಕಗಳಿಂದ ಹೇಳುತ್ತಿದ್ದ ಅಳಲು ಕೋಷ್ಟಕವಾಗಿ ಅಚ್ಚಾದ ಮೇಲೆ ಯಾವ ಸರಕಾರಕ್ಕೂ ಅದನ್ನು ಬದಿಗೆ ಸರಿಸಲು ಆಗಲಿಲ್ಲ.

ವರದಿಯ ಮೇಲಿನ ಗೌರವಕ್ಕೆ ಕುಂದಿಲ್ಲದೆ ಅದರ ಮಿತಿಯನ್ನೂ ಹೇಳಬೇಕು. ಬೆಂಗಳೂರು ಉತ್ತರ ತಾಲ್ಲೂಕು ಹಿಂದುಳಿದವುಗಳ ಪಟ್ಟಿಯಲ್ಲಿ ಇಲ್ಲ. ಮಹಾನಗರದ ಆಸ್ಪತ್ರೆ, ಬ್ಯಾಂಕು, ಕಾಲೇಜುಗಳ ನೆರಳು ಇಡೀ ತಾಲ್ಲೂಕಿನ ಮೇಲೆ ಬೀಳುತ್ತದೆ. ಹೆಗ್ಗನಹಳ್ಳಿಯ ಕೊಳಾಯಿಯಲ್ಲಿ ನೀರು ಬಂತೋ ಇಲ್ಲವೋ ಆ ಸೂಚ್ಯಂಕಕ್ಕೆ ಗೊತ್ತಾಗುವುದಿಲ್ಲ. ಇತ್ತ ಮಡಿಕೇರಿಯಂಥ ಗುಡ್ಡಗಾಡಿನ ತಾಲ್ಲೂಕು ಕೂಡ ಮುಂದುವರಿದವುಗಳಲ್ಲಿ ನಿಲ್ಲುತ್ತದೆ. ಜನ ವಿರಳವಾಗಿರುವ ಮಲೆನಾಡಿನಲ್ಲಿ 'ಇಷ್ಟು ಸಾವಿರ ಜನಕ್ಕೆ ಇಷ್ಟು ವೈದ್ಯರು' ಎಂಬ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ. ಮಳೆಗಾಲದಲ್ಲಿ ಆ ವೈದ್ಯರ ಬಳಿಗೆ ರೋಗಿಯನ್ನು ಎಷ್ಟು ಮೈಲಿ ಹೊತ್ತೊಯ್ಯಬೇಕು ಎಂಬುದು ಆ ಲೆಕ್ಕದಲ್ಲಿ ಇಲ್ಲ.

ಅಂಕಿ ಹಳೆಯದಾಗುವುದು ಇನ್ನೊಂದು ತೊಡಕು. ಹೆಗ್ಗನಹಳ್ಳಿಯ ಜನಸಂಖ್ಯೆ ಎಂದು ಯಾರಾದರೂ ಬರೆದರೆ ಅದು 2011ರ ಗಣತಿಯದು. 2021ರಲ್ಲಿ ಆಗಬೇಕಿದ್ದ ಗಣತಿ 2027ಕ್ಕೆ ಹೋಯಿತು. ಅಷ್ಟರಲ್ಲಿ ಅಲ್ಲಿನ ಬೀದಿಗಳಲ್ಲಿ ಎಷ್ಟು ಮನೆಗಳು ಎದ್ದಿವೆ ಎಂಬುದನ್ನು ನಮ್ಮ ಮಕ್ಕಳು ಪಾವತಿಸುವ ಬಾಡಿಗೆಯಿಂದಲೇ ಊಹಿಸಬಹುದು.

ಇನ್ನು ನಮ್ಮ ಬೆಳೆಗೆ ಬರೋಣ. ಕಾಫಿ ಮಂಡಳಿ ವರ್ಷಕ್ಕೆ ಎರಡು ಸಲ, ಹೂವಿನ ನಂತರ ಒಮ್ಮೆ, ಮಳೆಗಾಲದ ನಂತರ ಒಮ್ಮೆ, ಬೆಳೆಯ ಅಂದಾಜು ಮಾಡುತ್ತದೆ. ಪತ್ರಿಕೆಗಳೂ ವ್ಯಾಪಾರಿಗಳೂ ಎತ್ತಿಕೊಳ್ಳುವುದು ಬಹುತೇಕ ಕಡೆಯ ಸಾಲಿನ ದೇಶದ ಒಟ್ಟು ಮೊತ್ತವನ್ನು. 2017-18ರಲ್ಲಿ ಆ ಮೊತ್ತ 3,16,000 ಟನ್. 2018-19ರಲ್ಲಿ 3,19,500 ಟನ್. ಇಷ್ಟನ್ನೇ ಓದಿದವರಿಗೆ ಬೆಳೆ ತುಸು ಏರಿತು ಎನ್ನಿಸುತ್ತದೆ, ಬರೆದವರೂ ಹಾಗೆಯೇ ಬರೆಯಬಹುದು. ಆದರೆ 2018ರ ಆಗಸ್ಟ್ ತಿಂಗಳೆಂದರೆ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ, ತೋಟ ಮನೆ ಸಮೇತ ಮಣ್ಣುಪಾಲಾದ ತಿಂಗಳು. ದೇಶದ ಕಾಫಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಕೊಡುವ ಜಿಲ್ಲೆಯಲ್ಲಿ ಗಿಡದ ಬುಡವೇ ಉಳಿಯದ ತೋಟಗಳಿದ್ದವು, ನಿಂತ ಗಿಡಗಳಲ್ಲೂ ಕಾಯಿ ಕೊಳೆತು ಉದುರಿತ್ತು. ಹಿಂದಿನ ವರ್ಷವೇ ಬೆಳೆ ಕಡಿಮೆಯಾಗಿದ್ದುದರಿಂದಲೂ, ಉಳಿದ ಕಡೆಯ ಫಸಲು ಸೇರಿದ್ದರಿಂದಲೂ ದೇಶದ ಮೊತ್ತ ನೆಟ್ಟಗೆ ನಿಂತಿತು. 2019ರ ಆಗಸ್ಟಿನಲ್ಲಿ ಮತ್ತೆ ಅತಿವೃಷ್ಟಿಯಾಗಿ 2019-20ರಲ್ಲಿ ಮೊತ್ತ 2,98,000 ಟನ್ನಿಗೆ ಇಳಿದಾಗಲೇ ದೂರದವರಿಗೆ ಏನೋ ಆಗಿದೆ ಎಂದು ತಿಳಿದದ್ದು. ಇದರಲ್ಲಿ ಮಂಡಳಿಯ ದೋಷವೇನಿಲ್ಲ. ಅದರ ವರದಿಯಲ್ಲಿ ಜಿಲ್ಲೆವಾರು, ವಲಯವಾರು, ಅರೇಬಿಕಾ ರೋಬಸ್ಟಾ ಬೇರೆ ಬೇರೆಯಾಗಿಯೇ ಇರುತ್ತದೆ. ಕೋಷ್ಟಕದ ನಡುವಿನ ಸಾಲನ್ನು ಬಿಟ್ಟು ಕಡೆಯ ಸಾಲನ್ನೇ ಎತ್ತಿ ಮಾತಾಡುವವರದ್ದು ದೋಷ.

ಸರಾಸರಿಯ ಮಾತನ್ನೂ ಇಲ್ಲಿಯೇ ಮುಗಿಸಿಬಿಡೋಣ. ಒಂದು ಊರಿನಲ್ಲಿ ಹತ್ತು ಮಂದಿ ಬೆಳೆಗಾರರು ಎಂದಿಟ್ಟುಕೊಳ್ಳಿ. ಒಂಬತ್ತು ಮಂದಿಗೆ ಎರಡೆರಡು ಎಕರೆ, ಎಕರೆಗೆ 4 ಕ್ವಿಂಟಲ್. ಒಬ್ಬರಿಗೆ ನೀರಾವರಿಯಿರುವ 82 ಎಕರೆ, ಎಕರೆಗೆ 10 ಕ್ವಿಂಟಲ್. ಒಟ್ಟು 100 ಎಕರೆಗೆ 892 ಕ್ವಿಂಟಲ್. ಸರಾಸರಿ ಎಕರೆಗೆ 9ಕ್ಕೆ ಹತ್ತಿರ. 'ಈ ಊರಿನ ಇಳುವರಿ ಎಕರೆಗೆ 9 ಕ್ವಿಂಟಲ್' ಎಂದು ವರದಿಯಲ್ಲಿ ಬರೆದರೆ ಲೆಕ್ಕ ಸರಿ, ಆದರೆ ಹತ್ತರಲ್ಲಿ ಒಂಬತ್ತು ಮನೆಗೆ ಅದು ಅನ್ವಯಿಸುವುದಿಲ್ಲ. ನಮ್ಮ ಸಂಘದಂಥ ಸಣ್ಣ ಹಿಡುವಳಿದಾರರ ಸಂಘಗಳು ಸಭೆಯಲ್ಲಿ ಎದ್ದು ನಿಂತು 'ಐದು ಎಕರೆಯೊಳಗಿನವರ ಲೆಕ್ಕ ಬೇರೆ ಮಾಡಿ ತೋರಿಸಿ' ಎಂದು ಕೇಳಬೇಕು. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಕ್ವಿಂಟಲ್ ಎಂದಾಗ ಯಾವ ಕ್ವಿಂಟಲ್ ಎಂಬುದೂ ಇರಲಿ. ಕಾಫಿಯಲ್ಲಿ ಹಣ್ಣಿನ ತೂಕಕ್ಕೂ ಕ್ಲೀನ್ ತೂಕಕ್ಕೂ ನಾಲ್ಕೈದು ಪಟ್ಟು ಅಂತರ. ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದರೆ ಹನ್ನೆರಡು ಹದಿಮೂರು ಕಿಲೋ ಆದೀತು. ಕ್ಷೇತ್ರ ಸಮೀಕ್ಷೆಗೆ ಬರುವ ಹುಡುಗ ನಗರದವನಾದರೆ ಈ ಅಂತರ ಅವನಿಗೆ ತಿಳಿದಿರಬೇಕೆಂದಿಲ್ಲ. ನಾವೇ ಬಿಡಿಸಿ ಹೇಳಬೇಕು.

ಈಗ ಮುಖ್ಯ ಮಾತು. ಈ ಅಂಕಿಗಳು ನಮ್ಮ ಕೈಗೆ ರೂಪಾಯಿಯಾಗಿ ಬರುವುದು ಎಲ್ಲಿ? ಪ್ರತಿ ಜಿಲ್ಲೆಗೂ ನಬಾರ್ಡ್ ಬ್ಯಾಂಕು ವರ್ಷವರ್ಷವೂ ಸಾಲ ಸಾಮರ್ಥ್ಯದ ಯೋಜನೆಯೊಂದನ್ನು ತಯಾರಿಸುತ್ತದೆ. ಇಂಥ ಬೆಳೆಗೆ ಇಷ್ಟು ವಿಸ್ತೀರ್ಣ, ಘಟಕಕ್ಕೆ ಇಷ್ಟು ವೆಚ್ಚ, ಗುಣಿಸಿದರೆ ಇಷ್ಟು ಸಾಲದ ಅವಕಾಶ ಎಂಬುದು ಅದರ ಕ್ರಮ. ಎಕರೆಗೆ ಎಷ್ಟು ಬೆಳೆಸಾಲ ಎಂಬುದನ್ನು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ನಿಗದಿ ಮಾಡುತ್ತದೆ. ಅದರಲ್ಲಿ ಬ್ಯಾಂಕಿನವರು, ಇಲಾಖೆಯವರು, ರೈತ ಪ್ರತಿನಿಧಿಗಳು ಇರುತ್ತಾರೆ. ಗೊಬ್ಬರ, ಬೋರ್ಡೋ ದ್ರಾವಣದ ಸುಣ್ಣ ಮೈಲುತುತ್ತ, ಕೊನೆಗಾರರ ಕೂಲಿ, ನೆರಳು ಮರ ಸವರುವ ಖರ್ಚು, ಹಣ್ಣು ಬಿಡಿಸುವ ಕೂಲಿ ಇವುಗಳಿಗೆ ಮೂರು ವರ್ಷದ ಹಿಂದಿನ ಅಂಕಿ ಸಮಿತಿಯ ಮುಂದಿದ್ದರೆ ಸಾಲದ ಮಿತಿಯೂ ಹಿಂದಿನದೇ ಆಗುತ್ತದೆ. ಉಳಿದದ್ದಕ್ಕೆ ನಾವು ಕೈಗಡಕ್ಕೆ ಹೋಗುತ್ತೇವೆ. ರೈತ ಪ್ರತಿನಿಧಿ 'ಕೂಲಿ ಬಹಳ ಏರಿದೆ ಸ್ವಾಮೀ' ಎಂದರೆ ನಡವಳಿಯಲ್ಲಿ ಒಂದು ಸಾಲು ಬರೆದುಕೊಳ್ಳುತ್ತಾರೆ. ನಲವತ್ತು ತೋಟಗಳ ಕೂಲಿ ಪುಸ್ತಕದ ಲೆಕ್ಕ ಮೇಜಿನ ಮೇಲಿಟ್ಟರೆ ಅದು ಚರ್ಚೆಗೆ ಬರುತ್ತದೆ.

ಅಡಿಕೆಯ ಆಮದು ಕನಿಷ್ಠ ಬೆಲೆಯ ಕಥೆಯೂ ಇದೇ ಜಾಡಿನದು. 2017ರಲ್ಲಿ ಕಿಲೋಗೆ 251 ರೂಪಾಯಿ ಇದ್ದುದನ್ನು ಕೇಂದ್ರ ಸರಕಾರ 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿಸಿತು. ಇಂಥ ಬೇಡಿಕೆಯ ಬೆನ್ನಿಗೆ ನಿಲ್ಲಬಲ್ಲದ್ದು ಬೆಳೆಗಾರನ ಉತ್ಪಾದನಾ ವೆಚ್ಚದ ಲೆಕ್ಕ. ದೆಹಲಿಗೆ ಹೋದ ನಿಯೋಗದ ಚೀಲದಲ್ಲಿ ಆ ಲೆಕ್ಕ ಇರದಿದ್ದರೆ ಮಾತು ಕಾಫಿ ಕುಡಿದು ಬರುವುದರಲ್ಲೇ ಮುಗಿಯುತ್ತದೆ.

ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಂತೂ ಅಂಕಿಯೇ ಎಲ್ಲ. ಅಡಿಕೆ, ಕಾಳುಮೆಣಸಿಗೆ ನಾವು ಕಂತು ಕಟ್ಟುತ್ತೇವೆ. ಪರಿಹಾರ ನಿರ್ಧಾರವಾಗುವುದು ನಮ್ಮ ಮರದ ಕೆಳಗೆ ಉದುರಿದ ಕಾಯಿಯಿಂದಲ್ಲ, ಪಂಚಾಯಿತಿಯ ಮಳೆಮಾಪಕದ ದಾಖಲೆಯಿಂದ. ಮಲೆನಾಡಿನಲ್ಲಿ ಗುಡ್ಡದ ಈ ಬದಿಗೂ ಆ ಬದಿಗೂ ಮಳೆ ಒಂದೇ ಅಲ್ಲ ಎಂಬುದು ನಮಗೆ ಗೊತ್ತು. ಪಹಣಿಯಲ್ಲಿ, ಬೆಳೆ ಸಮೀಕ್ಷೆಯಲ್ಲಿ ಅಡಿಕೆಯ ಬದಲು ಬೇರೆ ಬೆಳೆ ನಮೂದಾಗಿದ್ದರೆ ವಿಮೆಗೂ ತೊಡಕು, ಅತಿವೃಷ್ಟಿ ಪರಿಹಾರಕ್ಕೂ ತೊಡಕು. 2022ರಲ್ಲಿ ಪರಿಷ್ಕರಿಸಿದ ಕೇಂದ್ರದ ನಿಯಮದಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಎರಡು ಹೆಕ್ಟೇರಿನವರೆಗೆ, ಅದೂ ನಷ್ಟ ಶೇಕಡಾ 33 ಅಥವಾ ಹೆಚ್ಚಿದ್ದರೆ ಎಂದಿದೆ. ಶೇಕಡಾ 33 ನಷ್ಟ ಎನ್ನಬೇಕಾದರೆ ನಷ್ಟವಿಲ್ಲದ ವರ್ಷದ ಬೆಳೆ ಎಷ್ಟಿತ್ತು ಎಂಬ ದಾಖಲೆ ಬೇಕಲ್ಲ! ಅದು ನಮ್ಮಲ್ಲಿ ಎಷ್ಟು ಮನೆಯಲ್ಲಿದೆ?

ಇಲ್ಲಿ ಒಂದು ಮಾತು ಕಹಿಯಾದರೂ ಹೇಳಬೇಕು. ಕೆಲವರ ಮನೆಯಲ್ಲಿ ಇಳುವರಿಗೆ ಎರಡು ಲೆಕ್ಕ: ಬಂದ ಅಧಿಕಾರಿಯ ಮುಂದೆ ಎಕರೆಗೆ ಐದು, ಬೀಗರ ಮುಂದೆ ಹದಿನೈದು. ಇಂಥ ಉತ್ತರಗಳೇ ಸಮೀಕ್ಷೆಯಲ್ಲಿ ಸೇರಿ, ಕೂಡಿ, ಭಾಗಿಸಿ, ಮುಂದೊಂದು ದಿನ ಅಚ್ಚುಕಟ್ಟಾದ ಕೋಷ್ಟಕವಾಗಿ ನಮ್ಮ ಮುಂದೆಯೇ ಬಂದು ಕೂರುತ್ತವೆ. ಆಗ ಕೋಷ್ಟಕವನ್ನು ಬೈದು ಪ್ರಯೋಜನವಿಲ್ಲ.

ಹೆಸರು ಕೂಡ ಒಂದು ಬಗೆಯ ಅಂಕಿಯೇ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಶಿರಸಿ ಸುಪಾರಿಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. ಅದರ ಅರ್ಜಿಯಲ್ಲಿ ಎತ್ತರ, ಮಣ್ಣು, ಮಳೆ, ಬೆಳೆಯುವ ಕ್ರಮ ಎಲ್ಲವನ್ನೂ ದಾಖಲೆಯಿಂದ ತೋರಿಸಬೇಕು. ಇದಕ್ಕೆ ವ್ಯತಿರಿಕ್ತವಾಗಿ, 2020ರಲ್ಲಿ ಬಂದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ 'ಒಂದು ಜಿಲ್ಲೆ ಒಂದು ಉತ್ಪನ್ನ' ಎಂದು ಕೊಡಗಿಗೆ ಕಾಫಿಯನ್ನೂ ಶಿವಮೊಗ್ಗಕ್ಕೆ ಅನಾನಸನ್ನೂ ಆರಿಸಲಾಗಿದೆ. ಅಡಿಕೆಯ ಜಿಲ್ಲೆಗೆ ಅನಾನಸು! ಆಹಾರ ಸಂಸ್ಕರಣೆಯ ದೃಷ್ಟಿಯಿಂದ ಅದಕ್ಕೆ ಕಾರಣವಿರಬಹುದು, ಅನಾನಸು ಬೆಳೆಯುವವರಿಗೆ ಒಳಿತೂ ಆಗಲಿ. ಆದರೆ ಜಿಲ್ಲೆಯ ಪುಸ್ತಿಕೆಯ ಮುಖಪುಟದಲ್ಲಿ ಏನು ಬಂದರೆ ಓದುವವರು ಏನು ಮರೆಯುತ್ತಾರೆ ಎಂಬುದನ್ನು ಗಮನಿಸಿ.

ಸಂಘದ ಆಡಳಿತ ಮಂಡಳಿ ಈ ವರ್ಷದಿಂದ ಒಂದು ಪುಟದ ತೋಟದ ನಮೂನೆ ಮಾಡಿದೆ. ಹಿಡುವಳಿಯ ವಿಸ್ತೀರ್ಣ, ಪಹಣಿಯಲ್ಲಿರುವ ಬೆಳೆ, ಹೂಮಳೆ ಬಂದ ದಿನ, ಕೊಳೆರೋಗಕ್ಕೆ ಔಷಧಿ ಹೊಡೆದ ಸಲ, ಆಳಿನ ದಿನಗಳು ಮತ್ತು ಕೂಲಿ, ಬೆಳೆಯ ತೂಕ (ಹಸಿಯೋ ಒಣದೋ ಸ್ಪಷ್ಟವಾಗಿ), ಮಾರಿದ ದರ ಇಷ್ಟೇ ಅದರಲ್ಲಿವೆ. ಯಾರ ಹೆಸರೂ ಹೊರಗೆ ಹೋಗುವುದಿಲ್ಲ. ಐದು ಎಕರೆಯ ಒಳಗಿನವರು, ಮೇಲಿನವರು ಎಂದು ಎರಡು ಕಟ್ಟು ಮಾಡಿ ಮೊತ್ತವನ್ನಷ್ಟೇ ತಾಂತ್ರಿಕ ಸಮಿತಿಗೆ ಕಳುಹಿಸುತ್ತೇವೆ. ನಮೂನೆ ಕಛೇರಿಯಲ್ಲೂ ಗೊಬ್ಬರದ ಗೋದಾಮಿನಲ್ಲೂ ಸಿಗುತ್ತದೆ. ಬರೆಯಲು ತೊಡಕಾದವರು ಸಂತೆಯ ದಿನ ಕಛೇರಿಗೆ ಬಂದರೆ ಗುಮಾಸ್ತರು ಕೇಳಿ ತುಂಬಿಕೊಡುತ್ತಾರೆ. ಬರುವಾಗ ಪಹಣಿಯ ಪ್ರತಿಯನ್ನೂ, ಇದ್ದರೆ ಕೂಲಿ ಪುಸ್ತಕವನ್ನೂ ತನ್ನಿ.

— ಕಾರ್ಯದರ್ಶಿ